ದೋಣಿಯಿಂದ ಕರೆದವಳು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತಿದ್ದೆ. ಮನ್ಸೂರಾದ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯೊಂದರಲ್ಲಿ ನಾನು ಸಮಾಜ ತಜ್ಞೆ. ಪಾಠ ಮಾಡುವುದಿಲ್ಲ, ಪರೀಕ್ಷೆ ತಿದ್ದುವುದಿಲ್ಲ. ಯಾವ ಹುಡುಗಿ ಮೂಲೆಯಲ್ಲಿ ಒಬ್ಬಳೇ ಕೂರುತ್ತಾಳೆ, ಯಾರು ತಿಂಡಿಯ ಡಬ್ಬಿ ಮುಟ್ಟುವುದಿಲ್ಲ, ಯಾರ ಮನೆಯಲ್ಲಿ ಜಗಳ, ಇದನ್ನೆಲ್ಲ ಒಂದೇ ನೋಟಕ್ಕೆ ಕಂಡುಹಿಡಿದು, ಕರೆದು ಕೂರಿಸಿ, ಪುದೀನ ಹಾಕಿದ ಟೀ ಕೊಟ್ಟು ಬಾಯಿ ಬಿಡಿಸುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದೇನೆ. ಗೋಡೆಯ ಮೇಲೆ ಎರಡು ಪ್ರಶಸ್ತಿಪತ್ರಗಳಿವೆ. ಆದರೆ ನನ್ನ ಸ್ವಂತ ಅಪ್ಪ ಎಂಥವನು ಎಂಬುದು ನನಗೆ ತಿಳಿದದ್ದು ಅವನಿಗೆ ಎಪ್ಪತ್ತೊಂಬತ್ತು ತುಂಬಿದ ಮೇಲೆ, ಅದೂ ಯಾರೋ ಒಂದು ಫಾರಂ ತುಂಬಿಸಿದ್ದರಿಂದ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನನ್ನ ವಿಷಯದಲ್ಲಿ ದೀಪವೂ ಅಷ್ಟೇನೂ ಉರಿಯುತ್ತಿರಲಿಲ್ಲ ಅಂತ ಕಾಣುತ್ತದೆ.

ಅಪ್ಪನ ಹೆಸರು ಶಲಬಿ. ಕಸುಬುದಾರನಾದ್ದರಿಂದ ಬೀದಿಗೆಲ್ಲ ಉಸ್ತಾ ಶಲಬಿ. ಐವತ್ತೆರಡು ವರ್ಷ ಒಂದೇ ಬೀದಿಯ ಒಂದೇ ಅಂಗಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡಿದವನು. ಕೈ ಇಸ್ತ್ರಿಯಲ್ಲ, ಕಾಲಿನ ಇಸ್ತ್ರಿ. ಉದ್ದ ಹಿಡಿಕೆಯ ದಪ್ಪ ಕಬ್ಬಿಣ. ನೆಲಮಟ್ಟದ ಹಲಗೆಯ ಮೇಲೆ ಬಟ್ಟೆ ಹಾಸಿ, ಕಬ್ಬಿಣದ ಮೇಲೆ ಒಂದು ಪಾದವಿಟ್ಟು, ಬಗ್ಗಿ ಹಿಡಿಕೆ ಹಿಡಿದು ತಳ್ಳಬೇಕು. ನಡುನಡುವೆ ಬಾಯಿತುಂಬ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಸಣ್ಣ ಹನಿಯಾಗಿ ಊದಬೇಕು. ಈ ಕೆಲಸ ಅಪ್ಪನಿಗೆಂದೇ ಹುಟ್ಟಿದ್ದು. ಬಾಯಲ್ಲಿ ನೀರಿರುವವನನ್ನು ಯಾರೂ ಮಾತಾಡಿಸುವುದಿಲ್ಲ.

ಅವನಿಗೆ ಮುಖಗಳು ನೆನಪಿರುತ್ತಿರಲಿಲ್ಲ, ಕಾಲರುಗಳು ನೆನಪಿರುತ್ತಿದ್ದವು. ಒಂದು ದಿನ ಊಟಕ್ಕೆ ಕೂತಾಗ, "ಎಡಭುಜ ತಗ್ಗಿದ ಬೂದು ಸೂಟು ತೀರ್ಕೊಂಡ್ತಂತೆ" ಎಂದ. ಅಮ್ಮ "ಅಯ್ಯೋ, ವಕೀಲ ಹಿಲ್ಮಿಯವರಾ!" ಎಂದು ತಟ್ಟೆ ಬಿಟ್ಟೆದ್ದು ಅವರ ಮನೆಗೆ ಓಡಿದಳು. ನಾವು ಮಕ್ಕಳು ನಕ್ಕೆವು. ನಮ್ಮ ಅಪ್ಪ ಹಾಗೇ, ಕಸುಬಿನ ಹುಚ್ಚು ಅಂದುಕೊಂಡೆವು.

ನೈಲ್ ದಂಡೆಯ ನಮ್ಮ ಊರಲ್ಲಿ 'ದೋಣಿಯವನ ಕರೆ' ಅಂತ ಒಂದು ಮಾತಿದೆ. ನಡುಹೊಳೆಯಲ್ಲಿ ದೋಣಿಯವನು ಊಟಕ್ಕೆ ಕೂತಿರುತ್ತಾನೆ. ದಡದ ಮೇಲೆ ಹೋಗುವವನನ್ನು ಕಂಡು "ಬಾ ಅಣ್ಣಾ, ಊಟ ಮಾಡು ಬಾ" ಎಂದು ಕೂಗುತ್ತಾನೆ. ಹೋಗಲಾಗುವುದಿಲ್ಲ ಎಂದು ಅವನಿಗೂ ಗೊತ್ತು, ಇವನಿಗೂ ಗೊತ್ತು. ಇವನು ಎದೆಯ ಮೇಲೆ ಕೈಯಿಟ್ಟು "ಈಗಷ್ಟೇ ಆಯ್ತು, ನಿಂಗೆ ಒಳ್ಳೇದಾಗ್ಲಿ" ಅನ್ನುತ್ತಾನೆ. ಇಬ್ಬರ ಮರ್ಯಾದೆಯೂ ಉಳಿಯಿತು, ಮೀನೂ ಉಳಿಯಿತು. ನಾವು ಮನ್ಸೂರಾದವರು ದಿನಕ್ಕೆ ಇಂಥ ಇಪ್ಪತ್ತು ಕರೆ ಕೊಡುತ್ತೇವೆ, ಇಪ್ಪತ್ತನ್ನು ಬೇಡವೆನ್ನುತ್ತೇವೆ. ಒಬ್ಬರ ಮೂಗಿಗೆ ಒಬ್ಬರು ತುಪ್ಪ ಸವರಿಕೊಂಡು ಸುಖವಾಗಿದ್ದೇವೆ.

ಅಪ್ಪ ಮಾತ್ರ ಪ್ರತಿ ಸಲ ನೀರಿಗಿಳಿದು ಈಜಿಕೊಂಡು ಹೋಗುವವನು. ಅಪ್ಪ ಅಮ್ಮ ಇದ್ದ ಕಟ್ಟಡದ ಕಾವಲುಗಾರ ಬಯ್ಯೂಮಿ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದು ರೊಟ್ಟಿ, ಒಂದು ಬಟ್ಟಲು ಬೇಯಿಸಿದ ಫೂಲ್ ಕಾಳು ಇಟ್ಟುಕೊಂಡು ತಿನ್ನುತ್ತಿದ್ದ. ರೂಢಿಯಂತೆ "ಬಾ ಉಸ್ತಾ" ಎಂದ. ಅಪ್ಪ ಕೂತ. ರೊಟ್ಟಿಯನ್ನು ಸರಿಯಾಗಿ ಅರ್ಧ ಮುರಿದ. ಕಾಳನ್ನೂ ಅರ್ಧ ತಿಂದ. ಕೈ ತೊಳೆದು "ಉಪ್ಪು ಕಮ್ಮಿ" ಎಂದು ಹೇಳಿ ಅಂಗಡಿಗೆ ಹೋದ. ಮಧ್ಯಾಹ್ನ ಅಮ್ಮ ಬಯ್ಯೂಮಿಗೆ ಒಂದು ಪಾತ್ರೆ ತುಂಬ, ಅನ್ನ ತುಂಬಿ ಸುತ್ತಿದ ಎಲೆಕೋಸಿನ ಮಹ್ಶಿ ಕಳಿಸಬೇಕಾಯಿತು.

ಅಮ್ಮ ದೌಲತ್ ಜೊತೆಗಿದ್ದಾಗ ಮಾತ್ರ ಇಂಥದ್ದು ನಡೆಯುತ್ತಿರಲಿಲ್ಲ. ಏಕೆಂದರೆ ಅವಳು ಕೆಮ್ಮುತ್ತಿದ್ದಳು. ಅಪ್ಪನ ಜೊತೆ ಎಲ್ಲಿಗೆ ಹೋದರೂ ಕೆಮ್ಮು. ಬೀದಿಯವರೆಲ್ಲ ಅವಳಿಗೆ ದಮ್ಮು ಅಂದುಕೊಂಡಿದ್ದರು. ಔಷಧಿ ಅಂಗಡಿಯವರು ಸಿರಪ್ ಕೊಡುತ್ತಿದ್ದರು, ಅವಳು ಮರ್ಯಾದೆಗೆ ಕುಡಿಯುತ್ತಿದ್ದಳು. ಅವಳು ತೀರಿಕೊಂಡ ದಿನ ಗಂಡಸರ ನಡುವೆ ಕೂತಿದ್ದ ಅಪ್ಪನ ಮುಂದೆ ಯಾರೋ ಕಾಫಿ ಹಿಡಿದರು. ಅವನು ಹಿಂದೆ ತಿರುಗಿ ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ನನ್ನನ್ನು ಹುಡುಕಿಕೊಂಡು ಹೆಂಗಸರ ಕೋಣೆಯ ಬಾಗಿಲಿಗೆ ಬಂದು ಕೇಳಿದ:

"ಸುಹೈರ್, ಇನ್ಮೇಲೆ ಯಾರು ಕೆಮ್ತಾರೆ?"

ದುಃಖ ತಲೆಗೇರಿದೆ ಅಂದುಕೊಂಡರು ಎಲ್ಲರೂ. ವಾರದ ನಂತರ ಅವನೇ ಬಿಡಿಸಿ ಹೇಳಿದ. ಒಂದು ಕೆಮ್ಮಾದರೆ ಬೇಡ ಅನ್ನಬೇಕು. ಎರಡಾದರೆ ಹೂಂ ಅನ್ನಬೇಕು. ಮೂರಾದರೆ ಎದ್ದು ಹೊರಡಬೇಕು. ಐವತ್ತೇಳು ವರ್ಷ ಅವರಿಬ್ಬರೂ ಹೀಗೆ ಸಂಸಾರ ಮಾಡಿದ್ದರು. ನಾನು, ಅವರ ಹೊಟ್ಟೆಯಲ್ಲಿ ಹುಟ್ಟಿದ ಸಮಾಜ ತಜ್ಞೆ, ಅಮ್ಮನಿಗೆ ಊದಿನಕಡ್ಡಿಯ ಹೊಗೆ ಆಗುವುದಿಲ್ಲವೇನೋ ಎಂದು ನನ್ನ ಮನೆಯಲ್ಲಿ ಹಚ್ಚುವುದನ್ನೇ ಬಿಟ್ಟಿದ್ದೆ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಅಮ್ಮ ತೀರಿದ ನಲವತ್ತನೆಯ ದಿನ ಮನೆ ತುಂಬ ನೆಂಟರು. ಅಪ್ಪನ ತಂಗಿ ನಫೀಸಾ ಅತ್ತೆ ನಡುಮನೆಯಲ್ಲಿ ಕೂತು, "ಒಬ್ನೇ ಹೇಗಿರ್ತಾನೋ ನನ್ನಣ್ಣ" ಎಂದು ಕಣ್ಣೊರೆಸಿಕೊಂಡು ನೇರವಾಗಿ ನನ್ನ ಮುಖ ನೋಡಿದಳು. ಅವಳ ಜೊತೆ ಹದಿನೈದು ಹೆಂಗಸರು ನೋಡಿದರು. ನಾಲಿಗೆಗೆ ಎಲುಬಿಲ್ಲ ಅನ್ನುವುದು ಸುಳ್ಳಲ್ಲ.

"ಒಬ್ನೇ ಯಾಕಿರ್ಬೇಕು ಅತ್ತೆ?" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ಪಕ್ಕದಲ್ಲೇ ಕೂತಿದ್ದ ಅಪ್ಪನ ಕಡೆ ತಿರುಗಿದೆ. "ಬಾಬಾ, ನನ್ನ ಮನೆ ನಿನ್ನ ಮನೆ. ನನ್ನ ಜೊತೆ ಬಂದಿರು. ಕಣ್ಣಲ್ಲಿಟ್ಕೊಂಡು ನೋಡ್ಕೋತೀನಿ."

ಇದಕ್ಕೊಂದು ಕ್ರಮವಿದೆ. ಈಗ ಅಪ್ಪ "ಬೇಡಮ್ಮಾ, ದೌಲತ್ ಇದ್ದ ಮನೆ ಬಿಟ್ಟು ಬರಲ್ಲ" ಅನ್ನಬೇಕು. ನಾನು ಇನ್ನೆರಡು ಸಲ ಒತ್ತಾಯ ಮಾಡಬೇಕು, ಕಣ್ಣೀರು ತುಂಬಬೇಕು. ಅವನು ಇನ್ನೆರಡು ಸಲ ಬೇಡ ಅನ್ನಬೇಕು. ಹೆಂಗಸರೆಲ್ಲ "ಹೆತ್ರೆ ಇಂಥ ಮಗಳನ್ನ ಹೆರ್ಬೇಕು" ಅನ್ನಬೇಕು. ಆಮೇಲೆ ಕಾಫಿ ಬರಬೇಕು.

ಅಪ್ಪ ಕೇಳಿದ: "ಎಷ್ಟು ಗಂಟೆಗೆ?"

ಮರುದಿನ ಒಂಬತ್ತಕ್ಕೆ ಸರಿಯಾಗಿ ನನ್ನ ಬಾಗಿಲು ಬಡಿಯಿತು. ಒಂದು ಚೀಲ, ಅವನದೇ ದಿಂಬು, ಮನೆಯಲ್ಲಿಟ್ಟುಕೊಂಡಿದ್ದ ಸಣ್ಣ ಕೈ ಇಸ್ತ್ರಿ, ಹಲಗೆ. ನನ್ನ ಗಂಡ ಮಿದ್‌ಹತ್ ಬೇರೆಯಾಗಿ ಹೋಗಿ ಆಗ ಹನ್ನೊಂದು ವರ್ಷ. ಮಗಳು ಮದುವೆಯಾಗಿ ತಂತಾ ಊರಲ್ಲಿದ್ದಾಳೆ. ನನ್ನದು ಎರಡು ಕೋಣೆಯ ಮನೆ. ಒಂದರಲ್ಲಿ ನಾನಿದ್ದೆ, ಇನ್ನೊಂದರಲ್ಲಿ ನನ್ನ ನೆಮ್ಮದಿ ಇತ್ತು. ಈಗ ನೆಮ್ಮದಿ ಜಾಗ ಖಾಲಿ ಮಾಡಬೇಕಾಯಿತು. ಇಂಗು ತಿಂದ ಮಂಗನ ಹಾಗೆ ಬಾಗಿಲಲ್ಲಿ ನಿಂತು, "ಬಾ ಬಾಬಾ, ಮನೆಗೆ ಬೆಳಕು ಬಂತು" ಎಂದೆ.

ಅವನು ಮೇಲೆ ನೋಡಿ "ಲೈಟ್ ಹಾಕಿಲ್ವಲ್ಲ" ಎಂದ.

ಬೀದಿಯ ಆ ತುದಿಯಲ್ಲಿದ್ದ ಅವನ ಹಳೆಯ ಬಾಡಿಗೆ ಮನೆಗೆ ಬೀಗ ಹಾಕಿ, ಕೀಲಿಯನ್ನು ನನ್ನ ಅಡುಗೆಮನೆಯ ಮೊಳೆಗೆ ನೇತು ಹಾಕಿದೆವು. ಶುರುವಾಯಿತು ನೋಡಿ. ಬೆಳಿಗ್ಗೆ ಐದಕ್ಕೆ ಇಸ್ತ್ರಿಯ ಸದ್ದು. ನನ್ನ ಶರ್ಟು, ಸ್ಕಾರ್ಫು ಮಾತ್ರವಲ್ಲ. ಕಾಲುಚೀಲ, ಪಾತ್ರೆ ಒರೆಸುವ ಬಟ್ಟೆ, ಕೊನೆಗೆ ನೆಲ ಒರೆಸುವ ಬಟ್ಟೆಗೂ ಗೆರೆ ಬೀಳುವ ಹಾಗೆ ಇಸ್ತ್ರಿ. ಮೀನು ಹುರಿದರೆ ಬೆಳ್ಳುಳ್ಳಿಯ ವಾಸನೆಗೆ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಬಾಲ್ಕನಿಗೆ ಹೋಗುತ್ತಿದ್ದ. ಮುಲೂಖಿಯಾ ಸೊಪ್ಪಿನ ಸಾರು ಇಷ್ಟ, ಆದರೆ ಅದು ಅನ್ನಕ್ಕೆ ತಾಗಬಾರದು. ಟೀವಿ ಸದ್ದು ಒಂಬತ್ತರಲ್ಲೇ ಇರಬೇಕು, ಹತ್ತಾಗಬಾರದು. ನಾನು ಹಲ್ಲು ಕಚ್ಚಿಕೊಂಡು ಎಲ್ಲ ಹೊಟ್ಟೆಗೆ ಹಾಕಿಕೊಂಡೆ. ಶಾಲೆಯಲ್ಲಿ ಸಹೋದ್ಯೋಗಿಗಳು "ಅಪ್ಪನ್ನ ಎಷ್ಟು ಚೆನ್ನಾಗಿ ನೋಡ್ಕೋತೀರಿ" ಅಂದಾಗ ಕಣ್ಣು ತಗ್ಗಿಸಿ ಹೊಗಳಿಕೆ ಸ್ವೀಕರಿಸಿದೆ.

ಒಂದು ದಿನ ನಮ್ಮ ಮುಖ್ಯೋಪಾಧ್ಯಾಯಿನಿ ನಾಹಿದ್ ಮೇಡಂ ಮನೆಗೆ ಬಂದರು. ಟೀ ಆದ ಮೇಲೆ "ಸರಿ, ನಾನಿನ್ನು ಹೊರಡ್ತೀನಿ" ಎಂದರು. ನಮ್ಮಲ್ಲಿ ಹಾಗೆಂದರೆ ಇನ್ನು ಅರ್ಧ ಗಂಟೆ ಕೂರುತ್ತೇನೆ ಅಂತ ಅರ್ಥ. ಅಪ್ಪ ಎದ್ದು ಹೋಗಿ ಬಾಗಿಲು ತೆರೆದು ಹಿಡಿದುಕೊಂಡು ನಿಂತ. ಮೇಡಂ ಕದಲಲಿಲ್ಲ, ಅವನೂ ಕದಲಲಿಲ್ಲ. ಎರಡು ನಿಮಿಷವಾದ ಮೇಲೆ ಅವನು ಬಹಳ ಸೌಜನ್ಯದಿಂದ, "ಹೊರಡ್ತೀನಿ ಅಂದ್ರಲ್ಲ, ಮರೆತುಹೋಯ್ತಾ?" ಎಂದು ನೆನಪಿಸಿದ.

ಅವರು ಹೋದ ಮೇಲೆ ನಾನು ಕಿರುಚಾಡಿದೆ. "ನನ್ನ ಮಾನ ಕಳೀಬೇಕು ಅಂತಾನೇ ಮಾಡ್ತೀಯಾ ಬಾಬಾ? ಬೇಕು ಅಂತಾನೇ?"

ಅವನು ಗೋಡೆಯ ಕಡೆ ತಿರುಗಿ ಕೂತು, ನಿಲುವಂಗಿಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜತೊಡಗಿದ. ಸಂಜೆಯವರೆಗೂ ಉಜ್ಜಿದ. ಮುದುಕನಿಗೆ ಎಷ್ಟು ಸೊಕ್ಕು ಎಂದುಕೊಂಡು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಅದೇ ಕೆಲಸವನ್ನು ನನ್ನ ಶಾಲೆಯ ಹುಡುಗಿ ಮಾಡಿದ್ದರೆ ನಾನು ಪಕ್ಕದಲ್ಲಿ ಕೂತು, ಅವಳನ್ನು ಮುಟ್ಟದೆ, ಸದ್ದು ಮಾಡದೆ ಕಾಯುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೀಗೆ ಎಂಟು ತಿಂಗಳು. ಆಮೇಲೆ ಇಲಾಖೆಯವರು ನಮಗೆಲ್ಲ ಮೂರು ದಿನದ ತರಬೇತಿ ಇಟ್ಟರು. ಮಯ್ಯಾದಾ ಎಂಬ ಎಳೆಯ ಡಾಕ್ಟರು ಬಂದು ಆಟಿಸಂ ಬಗ್ಗೆ ಹೇಳಿ, ಇಪ್ಪತ್ತನಾಲ್ಕು ಪ್ರಶ್ನೆಗಳ ಒಂದು ಫಾರಂ ಹಂಚಿದಳು. ಶಾಲೆಯ ಒಬ್ಬ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗುರುತು ಹಾಕಬೇಕು. ನಾನೂ ಎರಡನೆಯ ತರಗತಿಯ ಒಬ್ಬಳನ್ನು ನೆನೆದು ಶುರುಮಾಡಿದೆ. ಮಾತನ್ನು ಇದ್ದ ಹಾಗೇ ಅರ್ಥ ಮಾಡಿಕೊಳ್ಳುವುದುಂಟೇ? ಊಟದ ಪದಾರ್ಥಗಳು ಒಂದಕ್ಕೊಂದು ತಾಗಿದರೆ ಕಸಿವಿಸಿಯೇ? ಮುಖಗಳ ಗುರುತು ಹಿಡಿಯುವುದು ಕಷ್ಟವೇ? ಬೇಸರವಾದಾಗ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದುಂಟೇ? ಒಂಬತ್ತನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಆ ಹುಡುಗಿ ಎದ್ದು ಹೋಗಿದ್ದಳು. ಅವಳ ಜಾಗದಲ್ಲಿ ನಿಲುವಂಗಿ ತೊಟ್ಟ ಮುದುಕ ಕೂತಿದ್ದ. ಇಪ್ಪತ್ತೆರಡು ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದೆ.

ಮಯ್ಯಾದಾ ಫಾರಂ ತೆಗೆದುಕೊಂಡು ನೋಡಿ, "ಮೇಡಂ, ವಯಸ್ಸು ತಪ್ಪಾಗಿ ಬರ್ದಿದ್ದೀರಿ, ಎಪ್ಪತ್ತೊಂಬತ್ತು ಅಂತಿದೆ" ಎಂದಳು.

"ವಯಸ್ಸು ಸರಿಯಾಗಿದೆ ಡಾಕ್ಟ್ರೇ," ಎಂದೆ. "ತಪ್ಪು ಮಾಡಿದ್ದು ನಾನು, ಐವತ್ತೈದು ವರ್ಷದಿಂದ."

ಆಮೇಲೆ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಪ್ಪನಿಗಾಗಿ ಸ್ವಲ್ಪ, ಅಮ್ಮನಿಗಾಗಿ ಸ್ವಲ್ಪ, ಗೋಡೆಯ ಮೇಲಿನ ಆ ಎರಡು ಪ್ರಶಸ್ತಿಪತ್ರಗಳಿಗಾಗಿ ಬಹಳ.

ಮಯ್ಯಾದಾ ಅಪ್ಪನನ್ನು ಮೂರು ಸಲ ನೋಡಿದಳು. ಕೊನೆಯ ಸಲ ಸುತ್ತಿ ಬಳಸದೆ ಅವನಿಗೇ ಹೇಳಿದಳು. ಇದು ರೋಗವಲ್ಲ, ಹುಟ್ಟಿನಿಂದ ಬಂದದ್ದು, ಲೋಕವನ್ನು ಗ್ರಹಿಸುವ ರೀತಿಯೇ ಬೇರೆ, ಅದಕ್ಕೊಂದು ಹೆಸರಿದೆ. ಅಪ್ಪ ಅವಳ ಬಿಳಿ ಕೋಟಿನ ಕಾಲರನ್ನೇ ನೋಡುತ್ತ ಕೇಳಿಸಿಕೊಂಡ.

"ಹೆಸರಿದೆ ಅಂದ್ರೆ ಬೇರೆಯವರೂ ಇದ್ದಾರೆ ಅಂತಾಯ್ತು," ಎಂದ. "ಎಷ್ಟು ಜನಕ್ಕೆ ಒಬ್ರು?"

"ಸುಮಾರಾಗಿ ನೂರಕ್ಕೊಬ್ರು ಅನ್ಬಹುದು ಉಸ್ತಾ."

"ನಮ್ಮ ಬೀದೀಲಿ ನಾನೂರು ಜನ ಇದ್ದಾರೆ." ಅವನು ನನ್ನ ಕಡೆ ತಿರುಗಿದ. "ಉಳಿದ ಮೂವರು ಯಾರು?"

ಮನೆಗೆ ಬರುವ ದಾರಿಯುದ್ದಕ್ಕೂ ಅವನು ಆ ಮೂವರನ್ನು ಹುಡುಕುತ್ತಲೇ ಬಂದ. ಅವನ ನಡಿಗೆ ಹಗುರವಾಗಿತ್ತು. ಎಂಬತ್ತರ ಹೊಸ್ತಿಲಲ್ಲಿ ಒಬ್ಬ ಮನುಷ್ಯ ತಾನು ಕೆಟ್ಟವನಲ್ಲ, ಒರಟನಲ್ಲ, ಬರೀ ಬೇರೆ ಅಂತ ತಿಳಿದುಕೊಂಡರೆ ಹೇಗಿರುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ.

ನಫೀಸಾ ಅತ್ತೆಗೆ ಹೇಳುವುದೇ ಕಷ್ಟವಾಯಿತು. ನಮ್ಮ ಭಾಷೆಯಲ್ಲಿ ಇದಕ್ಕೆ 'ತವಹ್ಹುದ್' ಅನ್ನುತ್ತಾರೆ. ದೇವರು ಒಬ್ಬನೇ ಎಂಬ ನಂಬಿಕೆಗೆ 'ತೌಹೀದ್' ಅನ್ನುತ್ತಾರೆ. ಅತ್ತೆಗೆ ಕಿವಿ ಮಂದ.

"ನನ್ನಣ್ಣನಿಗೆ ತೌಹೀದ್ ಇದೆ ಅಂತ ಹೇಳೋಕೆ ಡಾಕ್ಟ್ರು ಬೇಕಾ?" ಎಂದು ನನ್ನನ್ನೇ ಗದರಿದಳು. "ಅವನು ಒಂದು ಹೊತ್ತಿನ ನಮಾಜು ತಪ್ಪಿಸಿದವನಲ್ಲ! ನಿಂಗೇ ಇಲ್ವೇನೋ, ನೋಡಿಸ್ಕೋ ಹೋಗು."



ಈಗ ನನ್ನೊಳಗಿನ ತಜ್ಞೆ ಮೈಕೊಡವಿ ಎದ್ದಳು. ಇಷ್ಟು ವರ್ಷದ ತಪ್ಪನ್ನು ಒಂದು ತಿಂಗಳಲ್ಲಿ ತೊಳೆದುಬಿಡುತ್ತೇನೆ ಎಂದು ಹೊರಟೆ. ಅಪ್ಪನನ್ನು ಬಾಲ್ಕನಿಯಲ್ಲಿ ಕೂರಿಸಿ, ದೋಣಿಯವನ ಕರೆಯ ಗುಟ್ಟನ್ನು ಎಳೆ ಎಳೆಯಾಗಿ ಬಿಡಿಸಿ ಹೇಳಿದೆ. ಕರೆಯಲ್ಲಿ ಎರಡು ಬಗೆ ಬಾಬಾ, ದೋಣಿಯಿಂದ ಕರೆದದ್ದು ಒಂದು, ದಡದಿಂದ ಕರೆದದ್ದು ಇನ್ನೊಂದು. ದಡದಿಂದ ಕರೆದರೆ ಹೋಗಬೇಕು. ದೋಣಿಯಿಂದ ಕರೆದರೆ ಎದೆಯ ಮೇಲೆ ಕೈಯಿಟ್ಟು ಮುಂದೆ ನಡೆಯಬೇಕು.

"ಹಾಗಾದ್ರೆ ಎಲ್ರೂ ಸುಳ್ಳು ಹೇಳ್ತಾರಾ?"

"ಸುಳ್ಳಲ್ಲ ಬಾಬಾ, ಮರ್ಯಾದೆ."

"ಏನು ವ್ಯತ್ಯಾಸ?"

ನಾನು ಟೀ ಬಗ್ಗಿಸಿದೆ.

"ದೇವರಾಣೆ ಹಾಕಿ ಕರೆದ್ರೆ?"

"ಆಣೆ ದೋಣಿಯಿಂದ್ಲೂ ಹಾಕ್ತಾರೆ. ಗೊತ್ತಾಗ್ದಿದ್ರೆ ಸುಮ್ನೆ ಕೇಳ್ಬಿಡು," ಎಂದೆ. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಅವನು ಕೇಳಲು ಶುರುಮಾಡಿದ. ಕಬ್ಬಿನ ಹಾಲಿನ ಅಂಗಡಿಯ ಸಬ್ರಿ "ಬಾ ಉಸ್ತಾ, ಒಂದು ಲೋಟ ಕುಡಿ ಬಾ" ಎಂದಾಗ ಅಪ್ಪ ನಿಂತು, "ದೋಣಿಯಿಂದಲೋ ದಡದಿಂದಲೋ?" ಎಂದ. ಸಬ್ರಿ ಒಂದು ಗಳಿಗೆ ಬಾಯಿಬಿಟ್ಟುಕೊಂಡು ನೋಡಿ ಗಹಗಹಿಸಿ ನಕ್ಕ. "ದೋಣಿಯಿಂದ್ಲೇ ಉಸ್ತಾ. ಆದ್ರೆ ನೀನು ಹೀಗೆ ಕೇಳಿದ್ಮೇಲೆ ದಡಕ್ಕೆ ಬರ್ದೆ ಏನು ಮಾಡ್ಲಿ?" ಎಂದು ಲೋಟ ತುಂಬಿ ಕೈಗಿಟ್ಟ. ವಾರದೊಳಗೆ ಬೀದಿಗೆಲ್ಲ ಅದು ತಮಾಷೆಯ ಮಾತಾಯಿತು. ಒಬ್ಬರನ್ನೊಬ್ಬರು ಅದನ್ನೇ ಕೇಳತೊಡಗಿದರು. ಬಯ್ಯೂಮಿಯಂತೂ ನಿಜವಾಗಿ ಹಸಿವಾಗಿದ್ದಾಗ "ಇದು ದೋಣಿಯಿಂದ ಉಸ್ತಾ" ಎಂದು ಮೊದಲೇ ಹೇಳಿ ತಿನ್ನತೊಡಗಿದ. ಅಪ್ಪ ಎದೆಯ ಮೇಲೆ ಕೈಯಿಟ್ಟು ಸಂತೋಷದಿಂದ ಮುಂದೆ ಹೋಗುತ್ತಿದ್ದ. ಗೆದ್ದೆ ಅಂದುಕೊಂಡೆ. ಇದರ ಮೇಲೊಂದು ಪ್ರಬಂಧ ಬರೆದು, ಮೂರನೆಯ ಪ್ರಶಸ್ತಿಪತ್ರಕ್ಕೆ ಗೋಡೆಯಲ್ಲಿ ಜಾಗವನ್ನೂ ನೋಡಿಟ್ಟೆ.

ಆಮೇಲೆ ಒಂದು ಶನಿವಾರ. ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಕೂತಿದ್ದೆವು. ಅವನ ತಟ್ಟೆಯಲ್ಲಿ ಅನ್ನ ಈ ಕಡೆ, ಬಟ್ಟಲಲ್ಲಿ ಸಾರು ಆ ಕಡೆ. ಚಮಚ ಎತ್ತಿದವನು ನಿಲ್ಲಿಸಿದ.

"ಸುಹೈರ್, ದೌಲತ್‌ಳ ನಲವತ್ತನೇ ದಿನ ನೀನು ನನ್ನ ಕರೆದ್ಯಲ್ಲ, ಬಂದಿರು ಅಂತ. ಅದು ದೋಣಿಯಿಂದಲೋ ದಡದಿಂದಲೋ?"

ಅವನು ಚುಚ್ಚಲು ಕೇಳಿದ್ದಲ್ಲ. ಚುಚ್ಚುವುದು ಅವನಿಗೆ ಬರುವುದಿಲ್ಲ. ಅಂಗಿಗೆ ಗಂಜಿ ಎಷ್ಟು ಹಾಕಲಿ ಎಂದು ಕೇಳುವ ಹಾಗೆ ಕೇಳಿದ್ದ. ದಡದಿಂದ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅವನು ನಂಬುತ್ತಿದ್ದ. ನಾನು ಏನು ಹೇಳಿದರೂ ನಂಬುತ್ತಾನೆ ಎಂಬುದಕ್ಕೇ ನನಗೆ ಆ ಮಾತು ಹೇಳಲಾಗಲಿಲ್ಲ.

"ದೋಣಿಯಿಂದ ಬಾಬಾ," ಎಂದೆ.

ಅವನು ಚಮಚ ಕೆಳಗಿಟ್ಟ. ಮುಖದಲ್ಲೇನೂ ಬದಲಾಗಲಿಲ್ಲ. ಎರಡು ಬೆರಳು ಮಾತ್ರ ನಿಲುವಂಗಿಯ ಅಂಚಿಗೆ ಹೋದವು.

"ಹತ್ತೊಂಬತ್ತು ತಿಂಗಳು," ಎಂದ. "ಹತ್ತೊಂಬತ್ತು ತಿಂಗಳಿಂದ ನಿನ್ನ ದೋಣಿಯಲ್ಲಿ ಕೂತಿದ್ದೀನಿ. ಹೇಳೋದಲ್ವಾ?"

ಎದ್ದು ಕೋಣೆಗೆ ಹೋದ. ಚೀಲ ತೆಗೆಯುವ ಸದ್ದು ಕೇಳಿತು. ನಾನು ಹಿಂದೆಯೇ ಓಡಿದೆ. ನಮ್ಮ ಹೆಂಗಸರು ಮಾಡುವುದೆಲ್ಲ ಮಾಡಿದೆ. ಅತ್ತೆ, ಕೆನ್ನೆಗೆ ಹೊಡೆದುಕೊಂಡೆ, ಬಾಗಿಲಿಗೆ ಅಡ್ಡ ನಿಂತೆ.

"ದೇವರಾಣೆ ಹೋಗ್ಬೇಡ ಬಾಬಾ. ಮೂರು ಸಲ ದೇವರಾಣೆ."

"ಆಣೆ ದೋಣಿಯಿಂದ್ಲೂ ಹಾಕ್ತಾರೆ ಅಂತ ನೀನೇ ಹೇಳಿದ್ದು." ಅವನು ಅಂಗಿಗಳನ್ನು ಮಡಿಸಿ ಒಂದರ ಮೇಲೊಂದು ಇಡುತ್ತಿದ್ದ. "ಅಳ್ಬೇಡ, ನಂಗೆ ಅರ್ಥ ಆಗಲ್ಲ. ಸರಿಯಾಗಿ ಹೇಳು. ನಾನಿರೋದು ನಿಂಗೆ ಬೇಕಾ, ಬೇಡ್ವಾ?"

"ಕೆಲವು ದಿನ ಬೇಕು!" ಎಂದು ಅಳುತ್ತಲೇ ಕೂಗಿದೆ. "ಕೆಲವು ದಿನ ಬೇಡ!"

ಹೇಳಿದವಳೇ ನಾಲಿಗೆ ಕಚ್ಚಿಕೊಂಡೆ. ಮನ್ಸೂರಾದಲ್ಲಿ ಯಾವ ಮಗಳೂ ಅಪ್ಪನ ಎದುರು ಇಂಥ ಮಾತಾಡಿರಲಾರಳು. ನಫೀಸಾ ಅತ್ತೆ ಕೇಳಿಸಿಕೊಂಡಿದ್ದರೆ ನನ್ನನ್ನು ಹೊಳೆಗೆ ನೂಕುತ್ತಿದ್ದಳು. ಆದರೆ ಅಪ್ಪನ ಕೈ ನಿಂತಿತು. ಹತ್ತೊಂಬತ್ತು ತಿಂಗಳಲ್ಲಿ ಮೊದಲ ಸಲ ನನ್ನಿಂದ ಒಂದು ಅರ್ಥವಾಗುವ ಮಾತು ಬಂತು ಎಂಬಂತೆ ತಲೆಯೆತ್ತಿದ.

"ಯಾವ್ಯಾವ ದಿನ?"

"ಏನು?"

"ಬೇಡದ ದಿನ. ಯಾವುದು?"

ನಾನು ಮೂಗೊರೆಸಿಕೊಂಡು ಯೋಚಿಸಿದೆ. ಸೋಮವಾರ ಶಾಲೆಯಲ್ಲಿ ಪೋಷಕರ ಸಭೆ, ಮನೆಗೆ ಬರುವಾಗ ಜೀವವೇ ಇರುವುದಿಲ್ಲ. ಬುಧವಾರ ವರದಿ ಬರೆಯಬೇಕು. "ಸೋಮವಾರ," ಎಂದೆ. "ಮತ್ತೆ... ಬುಧವಾರ."

"ಉಳಿದ ಐದು ದಿನ?"

"ಬೇಕು."

"ಸರಿ," ಎಂದ. ಮಡಿಸಿದ ಅಂಗಿಗಳಲ್ಲಿ ಎರಡನ್ನು ಚೀಲದಲ್ಲಿ ಬಿಟ್ಟು ಉಳಿದವನ್ನು ಬೀರುವಿಗೆ ವಾಪಸಿಟ್ಟ. ಬಂದು ಊಟ ಮುಗಿಸಿದ. ಸಾರು ಆರಿದೆ ಎಂದ.

ಸೋಮವಾರ ಬೆಳಿಗ್ಗೆ ಅಪ್ಪ ಕೀಲಿ ತೆಗೆದುಕೊಂಡು, ಬೀದಿಯ ಆ ತುದಿಗೆ, ತನ್ನ ಮೂರನೆಯ ಮಹಡಿಯ ಮನೆಗೆ ಹೋದ. ಬಯ್ಯೂಮಿಗೆ ಕಣ್ಣಿಟ್ಟಿರಲು ಹೇಳಿದ್ದೆ. ನಾನು ಶಾಲೆಯಿಂದ ಬರುವಾಗಲೇ ಮೀನು ತಂದೆ. ಬೆಳ್ಳುಳ್ಳಿ ಜಜ್ಜಿ, ಮನೆ ತುಂಬ ವಾಸನೆ ಬರುವ ಹಾಗೆ ಹುರಿದೆ. ಟೀವಿ ಸದ್ದನ್ನು ಇಪ್ಪತ್ತಕ್ಕೆ ಏರಿಸಿದೆ. ಕಾಲು ಮೇಜಿನ ಮೇಲಿಟ್ಟೆ. ಎಷ್ಟು ದಿನದಿಂದ ಕಾದಿದ್ದ ಸುಖ ಇದು! ಮೀನಿಗೆ ಉಪ್ಪು ಕಮ್ಮಿಯಾಗಿತ್ತು. ಹೇಳುವವರಿರಲಿಲ್ಲ. ಟೀವಿಯಲ್ಲಿ ಯಾರೋ ಅರಚುತ್ತಿದ್ದರು, ಸದ್ದು ಇಳಿಸಿದೆ. ಎಷ್ಟಕ್ಕೆ ಇಳಿಸಿದೆ ಎಂದು ನೋಡಿದರೆ ಒಂಬತ್ತು. ಕುರ್ಚಿಯ ಮೇಲೆ ಪ್ರತಿದಿನ ಇಸ್ತ್ರಿಯಾಗಿ ಕೂತಿರುತ್ತಿದ್ದ ಕಾಲುಚೀಲಗಳು ಮುದುಡಿ ಬಿದ್ದಿದ್ದವು. ನಾನು ಆ ಕಾಲುಚೀಲ ನೋಡಿಕೊಂಡು ಅತ್ತೆ ಅಂದರೆ ನೀವು ನಗುತ್ತೀರಿ. ನಗಿ. ನಿಜಕ್ಕೂ ಅತ್ತೆ.

ಆದರೂ ಅವನ ಮನೆಗೆ ಸುಮ್ಮನೆ ಹೋಗುವುದು ಹೇಗೆ? ಸೋಮವಾರ ಬೇಡವೆಂದವಳು ನಾನೇ. ಒಂದು ನೆಪ ಬೇಕಲ್ಲ. ಮುಲೂಖಿಯಾ ಮಾಡಿದೆ, ಅನ್ನ ಮಾಡಿದೆ. ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದೆ.

ಅಪ್ಪ ತೆರೆದ. "ಇವತ್ತು ಸೋಮವಾರ," ಎಂದ.

"ಗೊತ್ತು ಬಾಬಾ. ಇದನ್ನ ಕೊಟ್ಟು ಹೋಗೋಣ ಅಂತ ಬಂದೆ, ಅಷ್ಟೆ."

"ಒಳಗೆ ಬಾ."

"ಇಲ್ಲ ಇಲ್ಲ, ಬರಲ್ಲ. ನಿಂಗ್ಯಾಕೆ ತೊಂದ್ರೆ. ನಂಗೂ ಬೇಕಾದಷ್ಟು ಕೆಲ್ಸ ಇದೆ."

"ಸರಿ," ಎಂದು ಡಬ್ಬಿಗಳನ್ನು ತೆಗೆದುಕೊಂಡು ಬಾಗಿಲು ಹಾಕಿದ. ಚಿಲಕ ಬಿತ್ತು.

ನಾನು ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತೆ. ಅವನು ಇನ್ನೆರಡು ಸಲ ಕರೆಯಬೇಕಿತ್ತು. ಮೂರನೆಯ ಸಲಕ್ಕೆ ನಾನು "ಆಯ್ತಪ್ಪ, ನಿನ್ನ ಮಾತಿಗೆ ಐದು ನಿಮಿಷ" ಎಂದು ಒಳಗೆ ಹೋಗಬೇಕಿತ್ತು. ಹುಟ್ಟಿದಾಗಿನಿಂದ ನಾನು ಹೀಗೇ ಬದುಕಿದ್ದೇನೆ. ಬೇಕಾದದ್ದನ್ನು ಬೇಡವೆಂದು, ಬೇಡವಾದದ್ದನ್ನು ಬಾ ಎಂದು. ಮಿದ್‌ಹತ್ ಹೊರಡುವ ದಿನವೂ "ಹೋಗು, ನಂಗೇನು" ಎಂದಿದ್ದೆ, ಅವನೂ ಹೋದ. ಒಳಗೆ ಚಮಚದ ಸದ್ದು ಶುರುವಾಯಿತು. ಮೇಲಿನ ಮಹಡಿಯ ಹೆಂಗಸೊಬ್ಬಳು ಬುಟ್ಟಿ ಹಿಡಿದು ಇಳಿಯುತ್ತಿದ್ದವಳು ನನ್ನನ್ನು ನೋಡಿದಳು.

"ಏನು ಸುಹೈರ್ ಮೇಡಂ, ಹೊರಗೇ ನಿಂತಿದ್ದೀರಿ?"

"ಇಲ್ಲ, ಈಗಷ್ಟೇ ಹೊರಟೆ," ಎಂದೆ ನಾನು, ಒಂದು ಹೆಜ್ಜೆಯೂ ಇಡದೆ.

ಅವಳು ಇಳಿದು ಹೋದಳು. ನಾನು ಮತ್ತೆ ಬಾಗಿಲು ತಟ್ಟಿದೆ. ಅಪ್ಪ ಕೈಯಲ್ಲಿ ಚಮಚ ಹಿಡಿದೇ ಬಂದ.

"ಏನು?"

"ಬಾಬಾ, ನಂಗೆ ಒಳಗೆ ಬರ್ಬೇಕು."

"ಕೆಲ್ಸ ಇದೆ ಅಂದೆ."

"ಯಾವ ಕೆಲ್ಸಾನೂ ಇಲ್ಲ. ನಿನ್ನ ಬಿಟ್ಟು ಇರೋಕೆ ಆಗ್ಲಿಲ್ಲ. ಅದಕ್ಕೇ ಬಂದೆ."

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಮೊದ್ಲೇ ಹೇಳಿದ್ರೆ," ಎಂದ, "ಅನ್ನ ಎರಡು ತಟ್ಟೆಗೆ ಹಾಕ್ತಿದ್ದೆ."